ಸಂಜೆ ನಾಲ್ಕರ ನಂತರದ ಶಾಲೆ

ಹಿಂದೆಲ್ಲ ಮೇ ತಿಂಗಳ ಕೊನೆಯ ವಾರ ಬಂತೆಂದರೆ ಧರ್ಮಕೇಂದ್ರದ ಗುರುನಿವಾಸದ ಜಗುಲಿಯ ಮೇಲೆ ತಾಯಂದಿರ ಸಾಲು ಕಾಣುತ್ತಿತ್ತು. ಈಗ ಆ ಸಾಲು ನವೆಂಬರಿನಲ್ಲೇ ಬಂದು ನಿಲ್ಲುತ್ತದೆ. ಶಾಲೆಗಳ ಪ್ರವೇಶದ ಕಾಲ ಅಷ್ಟು ಹಿಂದಕ್ಕೆ ಸರಿದಿದೆ. ಕೈಯಲ್ಲಿ ಮಗುವಿನ ಜ್ಞಾನಸ್ನಾನದ ಪ್ರಮಾಣಪತ್ರ, ಬಾಯಲ್ಲಿ ಒಂದೇ ಬೇಡಿಕೆ: "ಸ್ವಾಮಿ, ಮದರ್ ಅವರಿಗೆ ಒಂದು ಲೆಟರ್ ಕೊಡಿ." ಹೆಬ್ಬಾಳ, ಯಲಹಂಕ, ಯಶವಂತಪುರ, ರವೀಂದ್ರನಾಥ ಟಾಗೋರ್ ನಗರವೆಂದು ಯಾರೂ ಹೇಳದ ಆರ್.ಟಿ. ನಗರ, ಎಲ್ಲ ಕಡೆಯೂ ಇದೇ ಕಥೆ. ನಾವು ಪತ್ರ ಬರೆದುಕೊಡುತ್ತೇವೆ. ಅದಕ್ಕೆ ಎಷ್ಟು ಬೆಲೆ ಎಂಬುದು ನಮಗೂ ಗೊತ್ತು, ಮದರ್ ಅವರಿಗೂ ಗೊತ್ತು.

ಪತ್ರ ಬರೆಯುವಾಗ ತಾಯಂದಿರು ಕೇಳುವ ಪ್ರಶ್ನೆಗಳನ್ನು ನಾವು ಗಮನಿಸುತ್ತ ಬಂದಿದ್ದೇವೆ. ರಾಜ್ಯ ಪಠ್ಯಕ್ರಮವೋ ಕೇಂದ್ರ ಪಠ್ಯಕ್ರಮವೋ? ಶುಲ್ಕ ಎಷ್ಟು ಕಂತು? ಶಾಲೆಯ ಬಸ್ಸು ನಮ್ಮ ಬಡಾವಣೆಯವರೆಗೆ ಬರುತ್ತದೆಯೋ? ಇವೆಲ್ಲ ನ್ಯಾಯವಾದ ಪ್ರಶ್ನೆಗಳೇ. ಆದರೆ ಇವುಗಳ ನಡುವೆ ಒಂದು ಪ್ರಶ್ನೆ ಮಾತ್ರ ಬರುವುದು ಅಪರೂಪ. ಶಾಲೆ ಮಗುವನ್ನು ನೋಡಿಕೊಳ್ಳುವುದು ದಿನಕ್ಕೆ ಏಳೆಂಟು ತಾಸು. ಸಂಜೆ ನಾಲ್ಕರಿಂದ ಮರುದಿನ ಬೆಳಗಿನವರೆಗೆ ಉಳಿದ ಹದಿನಾರು ತಾಸು ಆ ಹುಡುಗಿಯ ಜೊತೆ ಯಾರಿರುತ್ತಾರೆ? ತಂದೆ ಔಟರ್ ರಿಂಗ್ ರಸ್ತೆಯ ದಟ್ಟಣೆಯಲ್ಲಿ, ತಾಯಿ ಎರಡನೆಯ ಪಾಳಿಯಲ್ಲಿ, ಅಜ್ಜಿ ಹಳ್ಳಿಯಲ್ಲಿ ಇರುವ ಮನೆಗಳ ಕುರಿತೇ ನಾವು ಹೇಳುತ್ತಿದ್ದೇವೆ. ಹೆಣ್ಣುಮಕ್ಕಳ ಬೋರ್ಡಿಂಗ್ ಶಾಲೆ ಹುಟ್ಟಿದ್ದೇ ಈ ಪ್ರಶ್ನೆಗೆ ಉತ್ತರವಾಗಿ. ಆ ಉತ್ತರವನ್ನು ನಾವು, ಅಂದರೆ ಕಥೋಲಿಕ ಸಮುದಾಯ, ಸದ್ದಿಲ್ಲದೆ ಕೈಬಿಡುತ್ತಿದ್ದೇವೆಯೇ ಎಂಬುದು ಈ ವಾರದ ನಮ್ಮ ವಿಚಾರ.

ಮೊದಲು ಒಂದು ಮಾತಿನ ಸ್ಪಷ್ಟನೆ. ಸರ್ಕಾರ ಶಿಕ್ಷಕರಿಗೆ ಸಂಬಳ ಕೊಡುವ ಖಾಸಗಿ ಶಾಲೆಯನ್ನು ಅನುದಾನಿತ ಶಾಲೆ ಎನ್ನುತ್ತೇವೆ. ಸರ್ಕಾರದಿಂದ ಸಂಬಳದ ನೆರವಿಲ್ಲದೆ, ತನ್ನ ಶುಲ್ಕದಿಂದಲೇ ನಡೆಯುವುದು ಅನುದಾನರಹಿತ ಶಾಲೆ. ಅದನ್ನೇ ಸ್ವತಂತ್ರ ಶಾಲೆಯೆಂದೂ ಕರೆಯುವುದುಂಟು. ಈ ಸ್ವಾತಂತ್ರ್ಯಕ್ಕೆ ಒಂದು ಬೆಲೆಯಿದೆ. ಅಲ್ಲಿನ ಪ್ರತಿಯೊಬ್ಬ ಶಿಕ್ಷಕಿಯ ವೇತನವೂ ಯಾವುದೋ ತಂದೆತಾಯಿಯ ಜೇಬಿನಿಂದ ಬರಬೇಕು. ಬಡ ಹುಡುಗಿಯೊಬ್ಬಳನ್ನು ಉಚಿತವಾಗಿ ಸೇರಿಸಿಕೊಂಡರೆ ಆ ಖರ್ಚನ್ನು ಇನ್ನೊಬ್ಬರು ಹೊರಬೇಕು. ಬೋರ್ಡಿಂಗಿನ ಊಟ, ವಸತಿ, ಕಾವಲು ಸೇರಿದರೆ ಆ ಭಾರ ಎರಡರಷ್ಟಾಗುತ್ತದೆ. ಮುಂದಿನ ಮಾತುಗಳನ್ನೆಲ್ಲ ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕೆಂದು ವಿನಂತಿ.

ಬೆಂಗಳೂರಿಗೆ ಇಂಥ ಶಾಲೆ ಹೊಸತಲ್ಲ. ಮೈಸೂರು ಮಿಷನ್ನಿನ ಧರ್ಮಾಧ್ಯಕ್ಷರಾಗಿದ್ದ ಶಾರ್ಬೊನೊ ಅವರ ಆಹ್ವಾನದ ಮೇರೆಗೆ ಫ್ರಾನ್ಸಿನ ಆಂಜೇ ನಗರದ ಒಳ್ಳೆಯ ಕುರುಬನ ಸಭೆಯ ಭಗಿನಿಯರು 1854ರಲ್ಲಿ ಇಲ್ಲಿಗೆ ಬಂದರು. ನಮ್ಮ ಜನ ಇಂದಿಗೂ 'ಗುಡ್ ಶೆಪರ್ಡ್ ಕಾನ್ವೆಂಟ್' ಎನ್ನುವುದು ಅದನ್ನೇ. ಸೇಕ್ರೆಡ್ ಹಾರ್ಟ್ ಬಾಲಕಿಯರ ಶಾಲೆಯ ಬೇರು ಅಲ್ಲಿದೆ. ಇದೇ ಭಗಿನಿಯರು 1886ರಲ್ಲಿ ಸಂತ ಮಾರ್ತಾ ಆಸ್ಪತ್ರೆಯನ್ನೂ ತೆರೆದರು. ಅವರ ಸಭೆಯ ಸ್ಥಾಪಕಿ ಮರಿಯ ಯುಫ್ರೇಸಿಯ ಪೆಲ್ಟಿಯೇ ಅವರನ್ನು 1940ರಲ್ಲಿ ಸಂತರ ಪಟ್ಟಿಗೆ ಸೇರಿಸಲಾಯಿತು. ಆಕೆ ಮೊದಲಿನಿಂದಲೂ ಚಿಂತಿಸಿದ್ದು ಮನೆಯ ಆಸರೆ ತಪ್ಪಿದ ಹೆಣ್ಣುಮಕ್ಕಳ ಬಗ್ಗೆ. ಶಾಲೆ ಆ ಚಿಂತೆಯ ಒಂದು ಕವಲು ಮಾತ್ರ. ನಮ್ಮ ಸೋದರ ಸಭೆಗಳೂ ಹಿಂದೆ ಬೀಳಲಿಲ್ಲ. ಆಂಗ್ಲಿಕನ್ನರ ಬಿಷಪ್ ಕಾಟನ್ ಶಾಲೆಯ ಆರಂಭ 1865ರಲ್ಲಿ, ಮೆಥಡಿಸ್ಟರ ಬಾಲ್ಡ್‌ವಿನ್ ಬಾಲಕಿಯರ ಶಾಲೆಯದು 1880ರಲ್ಲಿ. ಮೈಸೂರಿನಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರು ಅರಮನೆಯ ಆಶ್ರಯದಲ್ಲಿ ಮಹಾರಾಣಿ ಬಾಲಿಕಾ ಶಾಲೆಯನ್ನು ತೆರೆದದ್ದು 1881ರಲ್ಲಿ. ಗುಡ್ ಶೆಪರ್ಡ್ ಭಗಿನಿಯರು ಬಂದ ಕಾಲಕ್ಕೂ ಇದಕ್ಕೂ ಒಂದು ತಲೆಮಾರಿನ ಅಂತರ.

ದಂಡುಪ್ರದೇಶದ ಈ ಹಳೆಯ ಶಾಲೆಗಳನ್ನು ಹೊಗಳುವಾಗ ಒಂದು ಸಂಗತಿಯನ್ನು ಮುಚ್ಚಿಡಬಾರದು. ಅವು ಮುಖ್ಯವಾಗಿ ಐರೋಪ್ಯ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಮಕ್ಕಳಿಗಾಗಿ ಬೆಳೆದವು. ಬೇಗೂರಿನ ಕಡೆಯ, ಹೆಸರಘಟ್ಟದ ಕಡೆಯ ಕನ್ನಡ ಕಥೋಲಿಕ ರೈತನ ಮಗಳು ಆ ಗೇಟನ್ನು ದಾಟಲು ಬಹಳ ಕಾಲ ಬೇಕಾಯಿತು. ದಾಟಿದ ಮೇಲೂ ಮೇಜು ಬೇರೆ, ಭಾಷೆ ಬೇರೆ ಎಂಬ ಅನುಭವ ಎಷ್ಟೋ ಅಜ್ಜಿಯರಿಗಿದೆ. ನಮ್ಮ ಧರ್ಮಕೇಂದ್ರಗಳ ಹಿರಿಯ ಹೆಂಗಸರನ್ನು ಕೇಳಿ ನೋಡಿ, ಕಹಿಯಿಲ್ಲದೆ ಆದರೆ ಮರೆಯದೆ ಹೇಳುತ್ತಾರೆ.

ಕರಾವಳಿಯ ಕಥೆಗೆ ಬೇರೊಂದು ಬಣ್ಣವಿದೆ. ಬೆಂಗಳೂರಿನ ಅನೇಕ ಕುಟುಂಬಗಳ ಬೇರು ಅಲ್ಲಿರುವುದರಿಂದ ಅದನ್ನೂ ಹೇಳಬೇಕು. ಸೋಫಿ ಲೀವ್ಸ್ ಎಂಬ ಆಂಗ್ಲಿಕನ್ ಪಾದ್ರಿಯ ಮಗಳು 1823ರಲ್ಲಿ ಹುಟ್ಟಿದ್ದು ಕಾನ್‌ಸ್ಟಾಂಟಿನೋಪಲಿನಲ್ಲಿ. ಕಥೋಲಿಕಳಾಗಿ, ಕನ್ಯಾಮಠ ಸೇರಿ, ಕಲ್ಲಿಕೋಟೆಯಲ್ಲಿ ಕೆಲವು ಕಾಲ ಸೇವೆ ಸಲ್ಲಿಸಿದ ಆಕೆ ಮುಂದೆ ಮದರ್ ವೆರೋನಿಕಾ ಎಂಬ ಹೆಸರಿನಲ್ಲಿ 1868ರಲ್ಲಿ ಫ್ರಾನ್ಸಿನ ಬಯೋನ್ ಪಟ್ಟಣದಲ್ಲಿ ಅಪೋಸ್ತಲಿಕ ಕಾರ್ಮೆಲ್ ಸಭೆಯನ್ನು ಸ್ಥಾಪಿಸಿದರು. ಇದಕ್ಕೆ ಬೆಂಬಲವಾಗಿ ನಿಂತವರು ಕಾರ್ಮೆಲ್ ಸಭೆಯ ಧರ್ಮಾಧ್ಯಕ್ಷ ಮರಿ ಎಫ್ರೆಮ್. 1870ರ ನವೆಂಬರಿನಲ್ಲಿ ಅಲ್ಲಿಂದ ಹೊರಟ ಮೂವರು ಭಗಿನಿಯರು ಮಂಗಳೂರನ್ನು ತಲುಪಿದರು. ಸಂತ ಅನ್ನಮ್ಮನವರ ಕಾನ್ವೆಂಟ್ ಅವರ ಮೊದಲ ಮನೆ. ಸ್ಥಾಪಕಿ ಮಾತ್ರ ಮಂಗಳೂರನ್ನು ಕಣ್ಣಾರೆ ಕಾಣದೆ 1906ರಲ್ಲಿ ಪೋ ನಗರದ ಕಾರ್ಮೆಲ್ ಮಠದಲ್ಲಿ ತೀರಿಕೊಂಡರು. 2014ರಲ್ಲಿ ಫ್ರಾನ್ಸಿಸ್ ಪೋಪರು ಅವರನ್ನು 'ಪೂಜ್ಯಾರ್ಹ'ರೆಂದು ಘೋಷಿಸಿದರು. ಈ ಸಭೆಯವರೇ 1921ರಲ್ಲಿ ಮಂಗಳೂರಿನಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜನ್ನೂ, 1948ರಲ್ಲಿ ಬೆಂಗಳೂರಿನ ಅರಮನೆ ರಸ್ತೆಯಲ್ಲಿ ಮೌಂಟ್ ಕಾರ್ಮೆಲ್ ಕಾಲೇಜನ್ನೂ ತೆರೆದದ್ದು. ಹಳ್ಳಿಯ ಹುಡುಗಿಯೊಬ್ಬಳು ಪದವಿಯವರೆಗೆ ಓದಬಲ್ಲಳೆಂಬ ಧೈರ್ಯ ತಂದೆಯರಿಗೆ ಬಂದದ್ದರ ಹಿಂದೆ ಪಾಠದ ಗುಣಮಟ್ಟಕ್ಕಿಂತ ಹಾಸ್ಟೆಲಿನ ಬಾಗಿಲ ಮೇಲಿನ ನಂಬಿಕೆ ಹೆಚ್ಚು ಕೆಲಸ ಮಾಡಿತು ಎಂಬುದು ನಮ್ಮ ಅಭಿಪ್ರಾಯ. ಬಸ್ಸುಗಳು ವಿರಳವಾಗಿದ್ದು, ಮಳೆಗಾಲದಲ್ಲಿ ಹೊಳೆ ದಾಟಬೇಕಾದ ಸೀಮೆಯಲ್ಲಿ 'ದಿನವೂ ಹೋಗಿ ಬರುವ ಶಾಲೆ' ಎಂಬುದು ಎಷ್ಟೋ ಮಂದಿಗೆ ಇರಲೇ ಇಲ್ಲ.

ಬೋರ್ಡಿಂಗಿನ ಒಳಗಿನ ಬದುಕು ಹೇಗಿತ್ತು? ನಸುಕಿನ ಗಂಟೆ, ತಣ್ಣೀರಿನ ಸಾಲು, ಬಲಿಪೂಜೆ, ಮೌನದಲ್ಲಿ ಬೆಳಗಿನ ಓದು, ಗಂಜಿ ಇಲ್ಲವೇ ಉಪ್ಪಿಟ್ಟು. ತಗಡಿನ ಟ್ರಂಕು, ಅದರ ಮೇಲೆ ಬಿಳಿ ಬಣ್ಣದಲ್ಲಿ ಬರೆದ ಸಂಖ್ಯೆ, ಅದೇ ಸಂಖ್ಯೆಯನ್ನು ಲಂಗದ ಅಂಚಿಗೆ, ಟವಲಿನ ಮೂಲೆಗೆ ತಾಯಿ ಕೆಂಪು ನೂಲಿನಿಂದ ಹೊಲಿದುಕೊಟ್ಟಿರುತ್ತಿದ್ದಳು. ಸಂಜೆ ಆಟ, ಜಪಮಾಲೆ, ಮತ್ತೆ ಓದು. ತಿಂಗಳಿಗೊಮ್ಮೆ ಭಾನುವಾರ ಪಾರ್ಲರಿನಲ್ಲಿ ಮನೆಯವರ ಭೇಟಿ. ಚಕ್ಕುಲಿ ಡಬ್ಬ ಆ ದಿನವೇ ಖಾಲಿ, ಏಕೆಂದರೆ ಅದು ಒಬ್ಬಳದಲ್ಲ, ಆ ಸಾಲಿನ ಹಾಸಿಗೆಗಳೆಲ್ಲದರದು. ಚಿಕ್ಕವಳ ಜಡೆಯನ್ನು ದೊಡ್ಡವಳು ಹೆಣೆಯುವುದು, ಜ್ವರ ಬಂದವಳಿಗೆ ಪಕ್ಕದ ಹಾಸಿಗೆಯವಳು ರಾತ್ರಿ ನೀರು ಕೊಡುವುದು, ಇವೆಲ್ಲ ಯಾವ ವೇಳಾಪಟ್ಟಿಯಲ್ಲೂ ಇಲ್ಲದ ಪಾಠಗಳು. ಹಗಲಿಗೆ ಬಂದುಹೋಗುವ ಹುಡುಗಿಯರು ಹೊರಗಿನ ಸುದ್ದಿ, ಮಲ್ಲಿಗೆ ಹೂವು, ಮನೆಯ ಉಪ್ಪಿನಕಾಯಿ ತರುತ್ತಿದ್ದರು. ಬೋರ್ಡಿಂಗಿನವರು ಬಿಡಿಸಿಟ್ಟ ಲೆಕ್ಕಗಳನ್ನು ಅವರಿಗೆ ತೋರಿಸಿಕೊಡುತ್ತಿದ್ದರು. ಬೋರ್ಡಿಂಗ್ ಮತ್ತು ಹಗಲು ಶಾಲೆ ಒಂದೇ ಕಾಂಪೌಂಡಿನಲ್ಲಿ ಇರುವುದರ ದೊಡ್ಡ ಗುಣ ಇದೇ. ಬರಿಯ ಬೋರ್ಡಿಂಗ್ ಇದ್ದಲ್ಲಿ ಮಗು ಊರಿನಿಂದ ತುಂಡಾಗುತ್ತದೆ. ಬರಿಯ ಹಗಲು ಶಾಲೆಯಲ್ಲಿ ಗಂಟೆ ಬಾರಿಸಿದೊಡನೆ ಎಲ್ಲವೂ ಚದುರಿಹೋಗುತ್ತದೆ.

ಎಲ್ಲವೂ ಚೆನ್ನಾಗಿತ್ತು ಎನ್ನಲಾಗದು. ಮಕ್ಕಳು ಮನೆಗೆ ಬರೆದ ಪತ್ರಗಳನ್ನು ಅಂಚೆಗೆ ಹಾಕುವ ಮುನ್ನ ಓದುವ ವಾಡಿಕೆ ಹಲವು ಬೋರ್ಡಿಂಗುಗಳಲ್ಲಿತ್ತು. ಶಿಸ್ತಿನ ಹೆಸರಿನಲ್ಲಿ ನಡೆದ ಆ ಕ್ರಮವನ್ನು ನಾವು ಸಮರ್ಥಿಸಲಾರೆವು. 'ಇಲ್ಲಿ ನನಗೆ ಚೆನ್ನಾಗಿಲ್ಲ' ಎಂದು ತಾಯಿಗೆ ಹೇಳಲಾರದ ಮಗು ಯಾವ ಗೋಡೆಯೊಳಗಿದ್ದರೂ ಸುರಕ್ಷಿತವಲ್ಲ. 2012ರ ಪೋಕ್ಸೊ ಕಾನೂನು ಬಂದ ಮೇಲೆ ಮಗುವಿನ ಮೇಲಿನ ಲೈಂಗಿಕ ಅಪರಾಧದ ಸುಳಿವು ಸಿಕ್ಕವರು ಅದನ್ನು ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದಿರುವುದೇ ಅಪರಾಧ. ಈ ನಿಯಮದಿಂದ ಗುರುಗಳಿಗೂ ಭಗಿನಿಯರಿಗೂ ವಿನಾಯಿತಿಯಿಲ್ಲ, ಇರಲೂ ಬಾರದು. ಸಂಸ್ಥೆಯ ಮರ್ಯಾದೆ ಉಳಿಯಬೇಕೆಂದು ಮೌನವಾಗಿರಿ ಎನ್ನುವವರು ಇನ್ನೂ ನಮ್ಮ ನಡುವೆ ಇದ್ದಾರೆ. ಅವರಿಗೆ ಮರ್ಯಾದೆ ಎಂಬ ಪದದ ಅರ್ಥ ತಿಳಿಯದು.

ಶಿಕ್ಷಣವೆಂದರೆ ಏನೆಂಬ ಪ್ರಶ್ನೆಯನ್ನು ಸೆಮಿನರಿಯಲ್ಲಿ ನಾವು ಸಂತ ತೋಮಸ್ ಅಕ್ವಿನಾಸರ ಬರಹದಲ್ಲಿ ಓದಿದೆವು. ಗುರುವನ್ನು ಅವರು ವೈದ್ಯನಿಗೆ ಹೋಲಿಸುತ್ತಾರೆ. ಗುಣವಾಗುವ ಶಕ್ತಿ ರೋಗಿಯ ದೇಹದಲ್ಲೇ ಇದೆ, ವೈದ್ಯ ಅದಕ್ಕೆ ನೆರವಾಗುತ್ತಾನೆ, ಅಷ್ಟೇ. ಹಾಗೆಯೇ ಅರಿಯುವ ಬೆಳಕು ಮಗುವಿನೊಳಗೇ ಇದೆ. ಇದು ನಿಜವಾದರೆ, ಗಿಳಿಪಾಠ ಒಪ್ಪಿಸುವ ಮಗುವಿಗೂ ಕಲಿತ ಮಗುವಿಗೂ ಬಹಳ ದೂರ. ಇನ್ನೊಬ್ಬ ದಾರ್ಶನಿಕೆಯನ್ನು ಇಲ್ಲಿ ನೆನೆಯಬೇಕು. ಎಡಿತ್ ಸ್ಟೈನ್ ಯೆಹೂದಿ ಮನೆತನದಲ್ಲಿ ಹುಟ್ಟಿ, ಹುಸ್ಸೆರ್ಲ್ ಅವರ ಶಿಷ್ಯೆಯಾಗಿ 1916ರಲ್ಲಿ ಅತ್ಯುನ್ನತ ಶ್ರೇಣಿಯ ಡಾಕ್ಟರೇಟ್ ಪಡೆದವರು. ಹೆಣ್ಣೆಂಬ ಕಾರಣಕ್ಕೆ ವಿಶ್ವವಿದ್ಯಾನಿಲಯದ ಪೀಠ ಅವರಿಗೆ ದೊರಕಲಿಲ್ಲ. 1922ರಲ್ಲಿ ಜ್ಞಾನಸ್ನಾನ ಹೊಂದಿ, 1923ರಿಂದ 1931ರವರೆಗೆ ಜರ್ಮನಿಯ ಸ್ಪೇಯರ್ ಪಟ್ಟಣದಲ್ಲಿ ಡೊಮಿನಿಕನ್ ಭಗಿನಿಯರ ಬಾಲಿಕಾ ಶಾಲೆಯಲ್ಲಿ ಪಾಠ ಹೇಳುತ್ತ ಅವರ ನಡುವೆಯೇ ವಾಸಿಸಿದರು. ಆ ಅನುಭವದ ಮೇಲೆ ನಿಂತು ಮಹಿಳಾ ಶಿಕ್ಷಣದ ಬಗ್ಗೆ ಅವರು ಮಾಡಿದ ಉಪನ್ಯಾಸಗಳು ಪ್ರಸಿದ್ಧ. ಮಾಹಿತಿ ತುಂಬುವುದು ಶಿಕ್ಷಣವಲ್ಲ, ವ್ಯಕ್ತಿ ತನ್ನ ಪೂರ್ಣ ರೂಪವನ್ನು ಪಡೆಯುವುದೇ ಶಿಕ್ಷಣ ಎಂಬುದು ಅವರ ನಿಲುವು. ಹೆಣ್ಣು ಮಾಡಲಾರದ ವೃತ್ತಿಯೇ ಇಲ್ಲವೆಂದೂ ಅವರು ಹೇಳಿದರು. 1942ರ ಆಗಸ್ಟಿನಲ್ಲಿ ಆಶ್‌ವಿಟ್ಸಿನಲ್ಲಿ ನಾಜಿಗಳು ಅವರನ್ನು ಕೊಂದರು. 1998ರಲ್ಲಿ ಅವರು ಸಂತರೆಂದು ಘೋಷಿತರಾದರು. 'ಹೆಣ್ಣುಮಗುವಿಗೆ ಬಿ.ಕಾಂ. ಸಾಕು ಸ್ವಾಮಿ' ಎನ್ನುವ ತಂದೆಯರಿಗೆ ನಾವು ಈ ಸಂತಳ ಜೀವನವನ್ನು ಹೇಳುವುದುಂಟು. ಕೇಳಿ ತಲೆಯಾಡಿಸಿ ಬಿ.ಕಾಂ.ಗೇ ಸೇರಿಸುತ್ತಾರೆ, ಅದು ಬೇರೆ ಮಾತು.

ಈಗ ಬೋರ್ಡಿಂಗುಗಳ ಇಂದಿನ ಸ್ಥಿತಿಗೆ ಬರೋಣ. ನಗರದ ಹಲವು ಹಳೆಯ ಕಾನ್ವೆಂಟುಗಳಲ್ಲಿ ಬೋರ್ಡಿಂಗ್ ನಿಂತುಹೋಗಿದೆ ಅಥವಾ ಕುಗ್ಗಿದೆ. ಕಾರಣಗಳು ನಿಗೂಢವಲ್ಲ. ರಾತ್ರಿ ಮಕ್ಕಳ ನಡುವೆ ಮಲಗಿ, ಹಗಲು ಪಾಠ ಹೇಳಲು ಬೇಕಾದಷ್ಟು ತರುಣ ಭಗಿನಿಯರಿಲ್ಲ. ನಮ್ಮ ಮನೆಗಳಲ್ಲಿ ಮಕ್ಕಳೇ ಒಬ್ಬರೋ ಇಬ್ಬರೋ, ಮಠಕ್ಕೆ ಹೋಗುವವರು ಎಲ್ಲಿಂದ ಬರಬೇಕು? ಸಂಬಳದ ವಾರ್ಡನ್ನರು, ಅಗ್ನಿಸುರಕ್ಷೆ, ಕ್ಯಾಮೆರಾ, ಅಡುಗೆಮನೆಯ ಪರವಾನಗಿ ಎಲ್ಲಕ್ಕೂ ಹಣ ಬೇಕು. ಹಗಲು ಶಾಲೆಗೆ ಅರ್ಜಿಗಳು ಹೆಚ್ಚಾಗಿರುವಾಗ, ಐವತ್ತು ಹಾಸಿಗೆಗಳ ಕೋಣೆಯನ್ನು ಎರಡು ತರಗತಿಗಳಾಗಿಸಿದರೆ ಲೆಕ್ಕಪತ್ರ ಸರಿಹೋಗುತ್ತದೆ. ಭಗಿನಿಯರನ್ನು ದೂರುವುದು ಸುಲಭ. ಅವರ ಜಾಗದಲ್ಲಿ ನಾವಿದ್ದರೂ ಅದನ್ನೇ ಮಾಡುತ್ತಿದ್ದೆವೇನೋ.

ಆದರೆ ಅದೇ ಕಾಲದಲ್ಲಿ ಉತ್ತರ ಬೆಂಗಳೂರಿನಲ್ಲಿ ಏನಾಯಿತೆಂಬುದನ್ನು ನೋಡಿ. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ತೆರೆಯಿತು. ಬಳ್ಳಾರಿ ರಸ್ತೆಯ ಎರಡೂ ಬದಿಯ ದ್ರಾಕ್ಷಿ ತೋಟಗಳ ಜಾಗದಲ್ಲಿ ಬಡಾವಣೆಗಳೂ 'ಅಂತರರಾಷ್ಟ್ರೀಯ' ಎಂಬ ಹೆಸರಿನ ಶಾಲೆಗಳೂ ಎದ್ದವು. ಈಜುಕೊಳವುಳ್ಳ ವಸತಿ ಶಾಲೆಗಳಿಗೆ ಈಗ ಇಲ್ಲಿ ಕೊರತೆಯಿಲ್ಲ. ಬೋರ್ಡಿಂಗ್ ಎಂಬ ವಸ್ತು ಸತ್ತಿಲ್ಲ, ಬಡವರ ಕೈಯಿಂದ ಶ್ರೀಮಂತರ ಕೈಗೆ ಹೋಗಿದೆ. ದೊಡ್ಡಬಳ್ಳಾಪುರದ ಮಗ್ಗದ ಮನೆಯ ಹುಡುಗಿಗೆ, ಚಿಕ್ಕಬಳ್ಳಾಪುರದ ಹೂವಿನ ತೋಟದಲ್ಲಿ ಕೂಲಿ ಮಾಡುವವಳ ಮಗಳಿಗೆ ಅಲ್ಲಿ ಜಾಗವಿಲ್ಲ.

'ಈಗ ಬಸ್ಸು ಉಚಿತವಲ್ಲವೇ?' ಎಂದು ಕೇಳುವವರಿದ್ದಾರೆ. ಹೌದು, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ನಮ್ಮ ಹೆಣ್ಣುಮಕ್ಕಳಿಗೆ ನಿಜವಾಗಿ ಉಪಕಾರವಾಗಿದೆ. ಟಿಕೆಟ್ಟಿನ ಹಣವಿಲ್ಲದೆ ಓದು ಬಿಟ್ಟವಳ ನೋವನ್ನು ಕಂಡವರಿಗೆ ಅದರ ಬೆಲೆ ಗೊತ್ತು. ಆದರೆ ಬಸ್ಸು ಟಿಕೆಟ್ಟಿನ ಹಣವನ್ನು ಉಳಿಸುತ್ತದೆ, ತಾಸುಗಳನ್ನು ಉಳಿಸುವುದಿಲ್ಲ. ಬೆಳಿಗ್ಗೆ ಆರಕ್ಕೆ ಮನೆ ಬಿಟ್ಟು, ಯಲಹಂಕದಲ್ಲಿ ಬಸ್ಸು ಬದಲಿಸಿ, ಹೆಬ್ಬಾಳದ ಮೇಲ್ಸೇತುವೆಯ ಕೆಳಗೆ ಅರ್ಧ ತಾಸು ನಿಂತು ಕಾಲೇಜು ತಲುಪುವ ಹುಡುಗಿ ಸಂಜೆ ಏಳಕ್ಕೆ ಮನೆಗೆ ಬಂದು ಒಲೆ ಹಚ್ಚಬೇಕು. ಅವಳು ಓದುವುದು ಯಾವಾಗ? ಎಸ್ಸೆಸ್ಸೆಲ್ಸಿಯಲ್ಲಿ ಚೆನ್ನಾಗಿ ಅಂಕ ತೆಗೆದವಳು ಪಿಯುಸಿ ವಿಜ್ಞಾನದಲ್ಲಿ ಸೋಲುವುದನ್ನು ಕಂಡು 'ಬುದ್ಧಿ ಕಡಿಮೆ' ಎನ್ನುತ್ತಾರೆ. ಕಡಿಮೆಯಿದ್ದದ್ದು ನಿದ್ದೆ. ಇನ್ನು ಪೇಯಿಂಗ್ ಗೆಸ್ಟ್ ಮನೆಗಳ ಸಂಗತಿ. ಒಂದು ಕೋಣೆಯಲ್ಲಿ ನಾಲ್ಕು ಮಂಚ, ಕೆಳಗೆ ಬೀಗ, ಬಾಡಿಗೆ ವಸೂಲಿಗೆ ಬರುವವನ ಹೊರತು ಕೇಳುವವರಿಲ್ಲ. ಹದಿನಾರು ವರ್ಷದ ಹುಡುಗಿಗೆ ಅದು ಬೋರ್ಡಿಂಗ್ ಅಲ್ಲ, ಛತ್ರ.

ಸರ್ಕಾರ ಈ ಕೊರತೆಯನ್ನು ಕಂಡಿದೆ. ಮೊರಾರ್ಜಿ ದೇಸಾಯಿ ವಸತಿ ಶಾಲೆಗಳೂ ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ವಸತಿ ಶಾಲೆಗಳೂ ಆರನೆಯ ತರಗತಿಯಿಂದ ಬಡ ಮಕ್ಕಳನ್ನು ಉಚಿತವಾಗಿ ಇರಿಸಿಕೊಂಡು ಓದಿಸುತ್ತವೆ. ಪ್ರವೇಶ ಪರೀಕ್ಷೆಯ ಅರ್ಜಿಯನ್ನು ನಮ್ಮ ಕಥೋಲಿಕ ಕುಟುಂಬಗಳು ತುಂಬುವುದು ಬಲು ಕಡಿಮೆ. 'ನಮ್ಮ ಶಾಲೆಗಳೇ ಇವೆಯಲ್ಲ' ಎಂಬ ಭ್ರಮೆ ಇದಕ್ಕೆ ಕಾರಣ. ತುಮಕೂರಿನ ಸಿದ್ಧಗಂಗಾ ಮಠದ ಕಡೆಗೂ ಕಣ್ಣು ಹಾಯಿಸಬೇಕು. 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳು ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಸರೆ ಕೊಟ್ಟರು. ಅಲ್ಲಿ ರೈತರು ಸುಗ್ಗಿಯ ರಾಗಿಯನ್ನು ಮಠಕ್ಕೆ ತಂದು ಸುರಿಯುತ್ತಾರೆ. ದಾಸೋಹವನ್ನು ಸಮುದಾಯವೇ ಹೊತ್ತಿದೆ. ನಮ್ಮಲ್ಲಿ ಹಾಗಲ್ಲ. ಬೋರ್ಡಿಂಗ್ ಎಂದರೆ ಭಗಿನಿಯರ ಹೊಣೆ, ಹಿಂದೆ ಅದಕ್ಕೆ ವಿದೇಶದ ದಾನಿಗಳ ನೆರವು ಎಂದು ಬೆಳೆದುಬಂದೆವು. ಆ ನೆರವು ಕಡಿಮೆಯಾದಾಗ ಜಾಗ ತುಂಬಲು ಊರಿನವರು ಯಾರೂ ಮುಂದೆ ಬರಲಿಲ್ಲ.

ಇಲ್ಲಿ ಕಾನೂನಿನ ಒಂದು ಅಂಶವನ್ನೂ ನಾವು ತಿಳಿದಿರಬೇಕು. 2009ರ ಶಿಕ್ಷಣ ಹಕ್ಕು ಕಾಯಿದೆ ಅನುದಾನರಹಿತ ಖಾಸಗಿ ಶಾಲೆಗಳಲ್ಲಿ ಪ್ರವೇಶ ಹಂತದ ಶೇಕಡ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಿತು. ಅಲ್ಪಸಂಖ್ಯಾತರ ಶಾಲೆಗಳಿಗೆ ಈ ಕಾಯಿದೆ ಅನ್ವಯಿಸದೆಂದು 2014ರ ಮೇ 6ರಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ ತೀರ್ಪಿತ್ತಿತು. 2025ರ ಸೆಪ್ಟೆಂಬರಿನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠ ಈ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ, ದೊಡ್ಡ ಪೀಠದ ಪರಿಶೀಲನೆಗೆ ಒಪ್ಪಿಸುವಂತೆ ಮುಖ್ಯ ನ್ಯಾಯಮೂರ್ತಿಗಳನ್ನು ಕೋರಿತು. ಸಂವಿಧಾನದ 30ನೆಯ ವಿಧಿ ನಮಗೆ ಕೊಟ್ಟ ಹಕ್ಕನ್ನು ನಾವು ಕಾಯ್ದುಕೊಳ್ಳಬೇಕು, ನಿಸ್ಸಂದೇಹ. ಆದರೆ ಬಡ ಮಗುವಿಗೆ ಬಾಗಿಲು ತೆರೆಯುವುದರಿಂದ ವಿನಾಯಿತಿ ಪಡೆದವರು ಆ ವಿನಾಯಿತಿಯನ್ನು ಯಾವುದಕ್ಕೆ ಬಳಸಿದಿರಿ ಎಂದು ನೆರೆಯವನು ಕೇಳಿದರೆ ನಮ್ಮ ಬಳಿ ಉತ್ತರವಿರಬೇಕು. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ, ಕಥೋಲಿಕ ಶಾಲೆಗಳು ವಿಶೇಷವಾಗಿ ನೋಡಿಕೊಳ್ಳಬೇಕಾದವರೆಂದು ಬಡವರನ್ನೂ ಕುಟುಂಬದ ಆಸರೆಯಿಲ್ಲದವರನ್ನೂ ಅನ್ಯಧರ್ಮೀಯರನ್ನೂ ಹೆಸರಿಸಲಾಗಿದೆ. ಅದೇ ಘೋಷಣೆಯ ಪ್ರಕಾರ ಮಕ್ಕಳ ಮೊದಲ ಶಿಕ್ಷಕರು ತಂದೆತಾಯಿಗಳೇ. ಆದುದರಿಂದ ಬೋರ್ಡಿಂಗಿಗೆ ಸೇರಿಸಿ ಕೈತೊಳೆದುಕೊಳ್ಳುವಂತಿಲ್ಲ.

ನಮ್ಮ ಸೂಚನೆ ದೊಡ್ಡದೇನಲ್ಲ. ಹೊಸ ಕಟ್ಟಡ ಬೇಡ. ಹತ್ತನೆಯ ತರಗತಿ ಮುಗಿಸಿ ಪಿಯುಸಿಗೆ ನಗರಕ್ಕೆ ಬರುವ ಹುಡುಗಿಯರಿಗಾಗಿ, ಜಾತಿ ಮತ ನೋಡದೆ, ಕಾನ್ವೆಂಟಿನ ಇಪ್ಪತ್ತು ಹಾಸಿಗೆಗಳಾದರೂ ಉಳಿಯಲಿ. ಒಬ್ಬ ಹುಡುಗಿಯ ಎರಡು ವರ್ಷದ ಊಟದ ಖರ್ಚನ್ನು ಧರ್ಮಕೇಂದ್ರದ ಹತ್ತು ಕುಟುಂಬಗಳು ಹಂಚಿಕೊಳ್ಳಲಿ. ಹಬ್ಬದ ದೀಪಾಲಂಕಾರಕ್ಕೆ ನಾವು ಸಂಗ್ರಹಿಸುವ ಹಣವನ್ನು ಬಲ್ಲವರಿಗೆ ಇದು ಅಸಾಧ್ಯವೆಂದು ತೋರದು. ನಿವೃತ್ತ ಶಿಕ್ಷಕಿಯರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ವಾರಕ್ಕೆ ಎರಡು ಸಂಜೆ ಲೆಕ್ಕ, ಇಂಗ್ಲಿಷ್ ಹೇಳಿಕೊಡಲು ಅವರನ್ನು ಕೇಳಿದರೆ ಬೇಡವೆನ್ನುವವರು ಕಡಿಮೆ.

ಬೋರ್ಡಿಂಗ್ ನೋಡಲು ಹೋಗುವ ತಂದೆತಾಯಿಗಳು ಪ್ರಾಂಶುಪಾಲರ ಕೋಣೆಯಿಂದಲೇ ಮರಳಬಾರದು. ಅಡುಗೆಮನೆಯನ್ನು ತೋರಿಸಿ ಎನ್ನಿ. ರಾತ್ರಿ ಆ ಮಹಡಿಯಲ್ಲಿ ಮಲಗುವ ಹಿರಿಯರು ಯಾರೆಂದು ಹೆಸರು ಹಿಡಿದು ಕೇಳಿ. ಮಗು ಮನೆಗೆ ಫೋನು ಮಾಡುವಾಗ ಪಕ್ಕದಲ್ಲಿ ಯಾರಾದರೂ ನಿಂತಿರುತ್ತಾರೆಯೇ, ಕಾಯಿಲೆ ಬಿದ್ದರೆ ಯಾವ ಆಸ್ಪತ್ರೆ, ದೂರು ಹೇಳಬೇಕಾದರೆ ಯಾರಿಗೆ, ಇದನ್ನೆಲ್ಲ ಕೇಳಲು ಸಂಕೋಚ ಬೇಡ. ಒಳ್ಳೆಯ ಮದರ್ ಇಂಥ ಪ್ರಶ್ನೆಗಳಿಗೆ ಸಂತೋಷಪಡುತ್ತಾರೆ. ಮುಖ ಗಂಟಿಕ್ಕಿದರೆ ಅಲ್ಲಿಂದ ಎದ್ದು ಬನ್ನಿ, ನಮ್ಮ ಪತ್ರವೂ ಕೈಯಲ್ಲೇ ಇರಲಿ. ಹೋಗುವಾಗ ಹುಡುಗಿಯನ್ನೂ ಕರೆದುಕೊಂಡು ಹೋಗಿ. ಹಾಸಿಗೆಗಳ ಸಾಲನ್ನು ಅವಳು ನೋಡಲಿ, ಅಲ್ಲಿನ ಹುಡುಗಿಯರೊಡನೆ ಹಿರಿಯರಿಲ್ಲದೆ ಕಾಲು ತಾಸು ಮಾತಾಡಲಿ. ಮರಳಿ ಬರುವಾಗ ಬಸ್ಸಿನಲ್ಲಿ ಅವಳೇ ಮೊದಲು ಮಾತು ತೆಗೆಯುವವರೆಗೆ ಸುಮ್ಮನಿರಿ.